ಲೆನ್ಸ್‌ಗೆ ಇಟ್ಟ ಹಣದಲ್ಲೇ ಟ್ರೈಪಾಡ್‌ಗೂ ಪಾಲಿರಲಿ

ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿದವರು ಮೊದಲು ಹಣ ಕೂಡಿಡುವುದು ದೊಡ್ಡ ಟೆಲಿ ಲೆನ್ಸ್‌ಗೆ. ನಿವೃತ್ತರಾಗಿ ಗ್ರಾಚ್ಯುಟಿ ಪಡೆದವರಿರಲಿ, ಮೊದಲ ಬೋನಸ್ ಕೈಗೆ ಬಂದ ಹುಡುಗರಿರಲಿ, ಲೆಕ್ಕ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಟ್ರೈಪಾಡ್ ನೆನಪಾಗುವುದು ಬಿಲ್ ಮಾಡಿಸುವಾಗ. ಆಗ ಉಳಿದ ಒಂದೂವರೆ ಎರಡು ಸಾವಿರಕ್ಕೆ ಏನು ಸಿಗುತ್ತದೋ ಅದನ್ನು ತರುತ್ತಾರೆ. ಈ ಕ್ರಮ ಬದಲಾಗಬೇಕು. ಮೂರು ಕೆ.ಜಿ. ತೂಗುವ ಲೆನ್ಸು, ಕ್ಯಾಮೆರಾಗಳಿಗೆ ಟ್ರೈಪಾಡ್ ಎನ್ನುವುದು ಮೇಲುಖರ್ಚಲ್ಲ, ಲೆನ್ಸಿನ ಬೆಲೆಯದೇ ಒಂದು ಭಾಗ.

ನಾನು ನಿಕಾನ್ 200-500 ಎಂ.ಎಂ. ಲೆನ್ಸ್ ಕೊಂಡಾಗ ಅದರ ಬೆಲೆ ಒಂದು ಲಕ್ಷದ ಆಸುಪಾಸಿನಲ್ಲಿತ್ತು. ತೂಕ 2.3 ಕೆ.ಜಿ. ಡಿ7200 ಕ್ಯಾಮೆರಾ ಬ್ಯಾಟರಿ ಸೇರಿ 765 ಗ್ರಾಂ. ಖರೀದಿಗೆ ಮುಂಚೆ ಡೈರಿಯಲ್ಲಿ ಎರಡು ಸಾಲು ಬರೆದುಕೊಂಡಿದ್ದೆ: ಲೆನ್ಸ್‌ಗೆ ಇಷ್ಟು, ಅದನ್ನು ಅಲುಗದಂತೆ ನಿಲ್ಲಿಸುವುದಕ್ಕೆ ಇಷ್ಟು. ಎರಡೂ ಸಾಲಿನ ಹಣ ಕೂಡುವವರೆಗೆ ಅಂಗಡಿಗೆ ಹೋಗಲಿಲ್ಲ.

ಅಷ್ಟು ಪಟ್ಟು ಏಕೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಈ ಲೆನ್ಸನ್ನು 500 ಎಂ.ಎಂ.ಗೆ ಚಾಚಿದಾಗ ಡಿ7200 ನೋಡುವ ಅಗಲ ಮೂರು ಡಿಗ್ರಿಗಿಂತ ಕಡಿಮೆ. ಚಾಚದಿದ್ದಾಗ ಲೆನ್ಸಿನ ಉದ್ದ ಸುಮಾರು 27 ಸೆಂ.ಮೀ., ಚಾಚಿದಾಗ ಇನ್ನೂ ಹೆಚ್ಚು. ಅದರ ಒಂದು ತುದಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಲುಗಿದರೂ ಸೆನ್ಸರ್ ಮೇಲೆ ಚಿತ್ರ ಮೂರಕ್ಕೂ ಹೆಚ್ಚು ಪಿಕ್ಸೆಲ್ ಜರುಗುತ್ತದೆ. ತಲೆಕೂದಲಿನ ದಪ್ಪ ಇದರ ಹಲವು ಪಟ್ಟು. ಲಕ್ಷ ರೂಪಾಯಿ ಕೊಟ್ಟು ಕೊಂಡ ಗಾಜು ಹಿಡಿಯಬಲ್ಲ ಸೂಕ್ಷ್ಮವನ್ನೆಲ್ಲ ಸಡಿಲವಾದ ಒಂದು ಕಾಲು ಅಳಿಸಿಹಾಕುತ್ತದೆ. ಆಗ ನಷ್ಟವಾಗುವುದು ಟ್ರೈಪಾಡಿನ ಹಣವಲ್ಲ, ಲೆನ್ಸಿನ ಹಣ.

ಆದರೆ ಹಣ ಖರ್ಚು ಮಾಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಫೋಟೋ ತೆಗೆಯುವುದು ಎಲ್ಲಿ? ನಾಗರಹೊಳೆ, ಬಂಡೀಪುರಗಳ ಸಫಾರಿ ಜೀಪಿನಲ್ಲೇ ನಿಮ್ಮ ಬಹುಪಾಲು ಕೆಲಸ ನಡೆಯುವುದಾದರೆ ಟ್ರೈಪಾಡ್ ಬಿಡಿಸಿ ನಿಲ್ಲಿಸಲು ಜಾಗವೇ ಇರುವುದಿಲ್ಲ. ಅಲ್ಲಿ ಬೀನ್ ಬ್ಯಾಗ್ ಸಾಕು. ನಮ್ಮ ಬೀದಿಯ ಟೈಲರ್ ಕೈಲಿ ದಪ್ಪ ಕ್ಯಾನ್ವಾಸ್ ಬಟ್ಟೆಯ ಚೀಲ ಹೊಲಿಸಿಕೊಂಡು, ಹೋದ ಊರಿನಲ್ಲಿ ಅಕ್ಕಿ ತುಂಬಿಸಿಕೊಳ್ಳುತ್ತೇನೆ. ಖರ್ಚು ಕೆಲವು ನೂರು ರೂಪಾಯಿ ಮಾತ್ರ. ರಂಗನತಿಟ್ಟಿನ ದೋಣಿ ತಾನೇ ತೂಗಾಡುವುದರಿಂದ ಟ್ರೈಪಾಡ್ ಎಷ್ಟು ಗಟ್ಟಿಯಿದ್ದರೂ ಅಲ್ಲಿ ಹೆಚ್ಚು ಉಪಯೋಗವಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಹಾರುವ ಹಕ್ಕಿಯನ್ನು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದ ವೇಗದಲ್ಲಿ ಹಿಡಿಯುವವರಿಗೂ ಇದರ ಅಗತ್ಯ ಕಡಿಮೆ. ಇಂಥವರು ಆ ಹಣವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಲಿ.

ಕೊಕ್ಕರೆಬೆಳ್ಳೂರಿನ ವಿಷಯ ಬೇರೆ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಒಂದೇ ಗೂಡಿನತ್ತ ಲೆನ್ಸ್ ತಿರುಗಿಸಿಕೊಂಡು, ಮರಿಗೆ ಗುಟುಕು ಕೊಡುವ ಗಳಿಗೆಗಾಗಿ ಗಂಟೆಗಟ್ಟಲೆ ಕಾಯಬೇಕು. ಹೊಸಪೇಟೆ ಬಳಿಯ ದರೋಜಿ ಕರಡಿಧಾಮದಲ್ಲಿ ಕರಡಿಗಳು ಬಂಡೆಯಿಂದ ಇಳಿಯುವುದು ಸಾಮಾನ್ಯವಾಗಿ ಬೆಳಕು ಕಂದುವ ಹೊತ್ತಿಗೆ. ವೀಕ್ಷಣಾ ಗೋಪುರದಿಂದ ತೆಗೆಯುವಾಗ ಶಟರ್ ವೇಗ ಇಳಿಸದೆ ವಿಧಿಯಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲದ ಪಟ್ಟೆತಲೆ ಬಾತುಗಳನ್ನು ದಡದಿಂದಲೇ ನೋಡಬೇಕು, ಗಾಳಿಯೂ ಜೋರು. ಲೆನ್ಸಿನೊಳಗಿನ ಕಂಪನ ನಿಯಂತ್ರಣ ಕೈನಡುಕವನ್ನು ತಕ್ಕಮಟ್ಟಿಗೆ ಸರಿಪಡಿಸುತ್ತದೆ, ಆದರೆ ಮೂರು ಕೆ.ಜಿ. ಹೊತ್ತು ಸೋತ ತೋಳಿಗೆ ಅದು ವಿಶ್ರಾಂತಿ ಕೊಡಲಾರದು. ಇಂಥ ಕಡೆಗಳಿಗೆ ಹೆಚ್ಚು ಹೋಗುವವರು ಮುಂದಿನ ಮಾತುಗಳನ್ನು ಗಮನವಿಟ್ಟು ಓದಿ.

ಡಬ್ಬಿಯ ಮೇಲೆ ‘10 ಕೆ.ಜಿ. ತಡೆಯುತ್ತದೆ’ ಎಂದು ಬರೆದಿದ್ದರೆ ಅದನ್ನೇ ನಂಬಿ ಹಣ ಕೊಡಬೇಡಿ. ಭಾರ ತಡೆಯುವ ಶಕ್ತಿಯನ್ನು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಭಾರಕ್ಕೆ ಮುರಿಯದಿರುವುದು ಬೇರೆ, ಅಲುಗದಿರುವುದು ಬೇರೆ. ನೋಡಬೇಕಾದದ್ದು ಕಾಲಿನ ಕೊಳವೆಯ ದಪ್ಪ. ಕೊಳವೆಯ ಗೋಡೆ ಅಷ್ಟೇ ಇದ್ದು ವ್ಯಾಸ ಹೆಚ್ಚಿದರೆ ಬಿಗಿತ ಸುಮಾರು ವ್ಯಾಸದ ಘನದಷ್ಟು ಏರುತ್ತದೆ. ಮೇಲ್ಭಾಗದ ಕೊಳವೆ 25 ಎಂ.ಎಂ. ಬದಲು 32 ಎಂ.ಎಂ. ಇದ್ದರೆ ಬಿಗಿತ ದುಪ್ಪಟ್ಟಾಗುತ್ತದೆ. ಮೂರು ಕೆ.ಜಿ. ಸಲಕರಣೆಗೆ 28 ಎಂ.ಎಂ.ಗಿಂತ ಕೆಳಗೆ ಇಳಿಯಬೇಡಿ, 32 ಸಿಕ್ಕರೆ ಒಳ್ಳೆಯದು.

ಕಾಲಿನಲ್ಲಿ ಮಡಿಕೆಗಳು ಕಡಿಮೆಯಿದ್ದಷ್ಟೂ ಬಿಗಿ ಹೆಚ್ಚು. ಏಕೆಂದರೆ ಪ್ರತಿ ಮಡಿಕೆಗೂ ಕೊಳವೆ ಸಣ್ಣದಾಗುತ್ತದೆ, ಸಡಿಲವಾಗಬಲ್ಲ ಲಾಕ್ ಒಂದು ಹೆಚ್ಚುತ್ತದೆ. ಬಸ್ಸಿನ ಲಗೇಜಿಗೆ ಚಿಕ್ಕದಾಗಿ ಮಡಚಬೇಕಾದ ಅಗತ್ಯ ಇಲ್ಲದವರಿಗೆ ಮೂರು ಮಡಿಕೆಯದೇ ಸರಿ, ಬೆಲೆಯೂ ತುಸು ಕಡಿಮೆ. ನಡುವೆ ಏರಿಸುವ ಸೆಂಟರ್ ಕಾಲಮ್ ಬೇಡವೇ ಬೇಡ. ಅದನ್ನು ಏರಿಸಿದ ಕೂಡಲೇ ಮೂರು ಕಾಲಿನ ಸಾಧನ ಒಂದು ಕೋಲಿನ ಮೇಲೆ ನಿಂತಂತಾಗುತ್ತದೆ. ಎತ್ತರಕ್ಕೂ ಅನಗತ್ಯವಾಗಿ ಹಣ ಕೊಡಬೇಡಿ. ಐದೂವರೆ ಅಡಿ ಎತ್ತರದವರ ಕಣ್ಣಿನ ಮಟ್ಟ ಸುಮಾರು 155 ಸೆಂ.ಮೀ. ಇದರಲ್ಲಿ ಕಾಲುಗಳ ಮೇಲೆ ಕೂರುವ ಹೆಡ್ಡು ಮತ್ತು ಕ್ಯಾಮೆರಾ ಸೇರಿ ಒಂದು ಗೇಣಿನಷ್ಟು ತಿನ್ನುತ್ತವೆ. ಸಮತಟ್ಟಾದ ನೆಲದಲ್ಲಿ ನಿಂತು ನೋಡಲು ಕಾಲುಗಳು 130, 135 ಸೆಂ.ಮೀ. ಎತ್ತರ ನಿಂತರೆ ಸಾಕು.

ಅಲ್ಯೂಮಿನಿಯಮ್ಮೋ ಕಾರ್ಬನ್ ಫೈಬರೋ ಎಂಬ ಪ್ರಶ್ನೆ ಹೆಚ್ಚಾಗಿ ಬೆನ್ನಿಗೆ ಸಂಬಂಧಿಸಿದ್ದು. ಮ್ಯಾನ್‌ಫ್ರೊಟ್ಟೊ 055 ಸರಣಿಯ ಮೂರು ಮಡಿಕೆಯ ಅಲ್ಯೂಮಿನಿಯಂ ಟ್ರೈಪಾಡ್ 2.5 ಕೆ.ಜಿ., ಅದೇ ಮಾದರಿಯ ಕಾರ್ಬನ್ 2 ಕೆ.ಜಿ. ಅಂದರೆ ನೀವು ಹೆಚ್ಚುವರಿ ಹಣ ಕೊಡುವುದು ಮುಖ್ಯವಾಗಿ ಅರ್ಧ ಕೆ.ಜಿ. ಉಳಿತಾಯಕ್ಕೆ, ಜೊತೆಗೆ ನಡುಕ ಬೇಗ ಅಡಗುವ ಗುಣಕ್ಕೆ. ಮೈಲಿಗಟ್ಟಲೆ ನಡೆಯುವವರಿಗೆ ಆ ಅರ್ಧ ಕೆ.ಜಿ.ಗೆ ಬೆಲೆಯಿದೆ. ಕಾರಿನಿಂದ ಇಳಿದು ಹತ್ತು ಹೆಜ್ಜೆಯಲ್ಲಿ ನಿಲ್ಲಿಸುವವರು ಅಲ್ಯೂಮಿನಿಯಂ ಕೊಂಡು ಹಣ ಉಳಿಸಿ, ಆ ಉಳಿತಾಯವನ್ನು ಹೆಡ್ಡಿಗೆ ಹಾಕಿ.

ಹೆಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಈ ತೂಕಕ್ಕೆ ಗಿಂಬಲ್ ಹೆಡ್ಡೇ ಸರಿ. ಬಾಲ್ ಹೆಡ್ಡಿನಲ್ಲಿ ಭಾರ ಗುಂಡಿನ ಮೇಲೆ ಕೂತಿರುತ್ತದೆ. ತಿರುಪು ಸಡಿಲಿಸಿ ಒಂದು ಕ್ಷಣ ಕೈಬಿಟ್ಟರೆ ಲೆನ್ಸ್ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ, ಟ್ರೈಪಾಡನ್ನೂ ಉರುಳಿಸಬಹುದು. ಗಿಂಬಲ್‌ನಲ್ಲಿ ಲೆನ್ಸು ತೊಟ್ಟಿಲಿನಂತೆ ತನ್ನ ತೂಕದ ಕೇಂದ್ರದಲ್ಲೇ ತೂಗುತ್ತದೆ. ಕೈಬಿಟ್ಟರೂ ಇದ್ದಲ್ಲೇ ಇರುತ್ತದೆ, ಎರಡು ಬೆರಳಿನಿಂದ ಹಕ್ಕಿಯ ಹಿಂದೆ ತಿರುಗಿಸಬಹುದು. ವಿಂಬರ್ಲಿಯಂಥ ಹೆಸರಾಂತ ಹೆಡ್ಡುಗಳು ದುಬಾರಿ, ಆದರೆ ಅದೇ ತತ್ವದ ಕಡಿಮೆ ಬೆಲೆಯವೂ ಸಿಗುತ್ತವೆ. ಕೊಳ್ಳುವಾಗ ಖಾಲಿ ಹೆಡ್ಡಿನ ತೋಳನ್ನು ಹಿಡಿದು ಅಲುಗಿಸಿ ನೋಡಿ, ಬೇರಿಂಗ್‌ನಲ್ಲಿ ಸಡಿಲ ಇರಕೂಡದು. ಲೆನ್ಸಿನ ಫುಟ್‌ಗೆ ಉದ್ದನೆಯ ಆರ್ಕಾ ಮಾದರಿಯ ಪ್ಲೇಟ್ ಹಾಕಿಸಿ. ಹಿಂದೆ ಮುಂದೆ ಜರುಗಿಸಿ ಸಮತೋಲ ಹುಡುಕಲು ಅದು ಬೇಕು.

ಅಂಗಡಿಗೆ ನಿಮ್ಮದೇ ಲೆನ್ಸ್ ಒಯ್ಯಿರಿ. ಕಾಲುಗಳನ್ನು ಪೂರ್ತಿ ಚಾಚಿಸಿ, ಲೆನ್ಸನ್ನು ಗರಿಷ್ಠ ಜೂಮ್‌ಗೆ ಇಟ್ಟು, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಲೆನ್ಸಿನ ಮೂತಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಪರದೆಯ ಮೇಲಿನ ನಡುಕ ಒಂದೆರಡು ಸೆಕೆಂಡಿನಲ್ಲಿ ಅಡಗಬೇಕು. ಆಮೇಲೆ ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಅಗ್ಗದ ಟ್ರೈಪಾಡುಗಳ ಗುಟ್ಟು ಹೊರಬೀಳುವುದು ಈ ತಿರುಚಿನಲ್ಲೇ. ನಾನು ಕೊಂಡ ಟ್ರೈಪಾಡ್ ಎರಡೂ ಪರೀಕ್ಷೆಯಲ್ಲಿ ಗೆದ್ದದ್ದು, ಪಕ್ಕದಲ್ಲಿದ್ದ ಹೆಚ್ಚು ಬೆಲೆಯ ನಾಲ್ಕು ಮಡಿಕೆಯದು ಸೋತದ್ದು.

ಈಗ ಲೆಕ್ಕಕ್ಕೆ ಬರೋಣ. 32 ಎಂ.ಎಂ. ಕಾರ್ಬನ್ ಕಾಲುಗಳಿಗೆ 27,000 ರೂಪಾಯಿ, ಗಿಂಬಲ್‌ಗೆ 12,000, ಪ್ಲೇಟಿಗೆ 1,500. ಒಟ್ಟು 40,500 ರೂಪಾಯಿ ಕೊಟ್ಟೆ. ಕೇಳಿದರೆ ಎದೆ ಝಲ್ಲೆನ್ನುವ ಮೊತ್ತ. ಆದರೆ ಇದು ಎಷ್ಟು ಕಾಲ ಬಾಳುತ್ತದೆ ಎಂದು ಯೋಚಿಸಿ. 2018ರಲ್ಲಿ ನಿಕಾನ್ ಝಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳು ಬಂದವು, ಮೌಂಟ್ ಬದಲಾಯಿತು, ಹಳೆಯ ಲೆನ್ಸುಗಳಿಗೆ ಅಡಾಪ್ಟರ್ ಬೇಕಾಯಿತು. ಟ್ರೈಪಾಡಿನ ಕಾಲಿಂಚು ಮತ್ತು ಮೂರೆಂಟಂಶ ಇಂಚಿನ ತಿರುಪುಗಳು ಮಾತ್ರ ಹಾಗೇ ಉಳಿದವು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಹೊಸ ಮಾದರಿ ಬಂದು ಹಳತಾಗಿಸುವುದೂ ಇಲ್ಲ. ಕೆರೆಯ ಕೆಸರಿನಿಂದ ಬಂದ ದಿನವೇ ಲಾಕ್‌ಗಳನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿದರೆ ಹದಿನೈದು ವರ್ಷಕ್ಕೆ ಮೋಸವಿಲ್ಲ. 40,500ನ್ನು ಹದಿನೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,700, ತಿಂಗಳಿಗೆ 225 ರೂಪಾಯಿ. ಮನೆಯ ಮೊಬೈಲ್ ರೀಚಾರ್ಜ್ ಅದಕ್ಕಿಂತ ಹೆಚ್ಚು.

ಇದಕ್ಕಾಗಿ ಸಾಲ ಮಾಡಬೇಡಿ. ‘ನೋ ಕಾಸ್ಟ್ ಇ.ಎಂ.ಐ.’ ಎಂದಿದ್ದರೂ ಬಡ್ಡಿಯ ಮೇಲಿನ ಜಿ.ಎಸ್‌.ಟಿ. ಮತ್ತು ಅನೇಕ ಸಲ ಸಂಸ್ಕರಣಾ ಶುಲ್ಕ ನಿಮ್ಮ ಮೇಲೇ ಬೀಳುತ್ತವೆ. ನಗದು ಕೊಟ್ಟರೆ ಸಿಗಬಹುದಾಗಿದ್ದ ರಿಯಾಯಿತಿಯೂ ತಪ್ಪಬಹುದು. ಅದರ ಬದಲು ತಿಂಗಳಿಗೆ 3,400 ರೂಪಾಯಿಯ ಆರ್.ಡಿ. ಮಾಡಿ. ವರ್ಷ ತುಂಬಿದಾಗ ಅಸಲೇ 40,800 ಆಗಿರುತ್ತದೆ, ಬಡ್ಡಿ ಅದರ ಮೇಲೆ. ಆ ನಡುವೆ ಬೆಂಗಳೂರಿನಂಥ ಊರುಗಳ ಬಾಡಿಗೆ ಅಂಗಡಿಗಳಲ್ಲಿ ಬೇರೆ ಬೇರೆ ಟ್ರೈಪಾಡ್ ಬಾಡಿಗೆಗೆ ತಂದು ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪ್ರತಿ ಲಾಕನ್ನೂ ಬಿಗಿಸಿ ಮೇಲಿನಿಂದ ಒತ್ತಿ ನೋಡಿ, ಕಾಲು ಜಾರಬಾರದು. ಕಾರ್ಬನ್ ಕೊಳವೆಯ ಮೇಲೆ, ಮುಖ್ಯವಾಗಿ ಲಾಕ್‌ಗಳ ಬಳಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ. ಬಿಡಿಭಾಗ ಸಿಗದ ಕಂಪನಿಯದಾದರೆ ಎಷ್ಟೇ ಅಗ್ಗವಾದರೂ ಬಿಡಿ.

ನನ್ನ ಸಲಹೆ ಇಷ್ಟು. ನಿಂತು ಕಾದು ಫೋಟೋ ತೆಗೆಯುವವರು ನೀವಾದರೆ, ಹೊಸ ಟೆಲಿ ಲೆನ್ಸಿನ ಬೆಲೆ ಒಂದು ಲಕ್ಷ ಎಂದು ಕಂಡಾಗ ನಿಮ್ಮ ಬಜೆಟ್‌ನಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಎಂದೇ ಬರೆದುಕೊಳ್ಳಿ. ಅಷ್ಟು ಹಣ ಈಗ ಇಲ್ಲವೆಂದಾದರೆ ಕಡಿಮೆ ಬೆಲೆಯ, ಹಗುರವಾದ ಲೆನ್ಸ್ ಆರಿಸಿ, ಇಲ್ಲವೇ ಒಂದು ವರ್ಷ ಕಾಯಿರಿ. ಟ್ರೈಪಾಡಿನ ಪಾಲನ್ನು ಮಾತ್ರ ಕಡಿಯಬೇಡಿ.