ನೀರಿನಡಿಯ ಜೊತೆಗಾರ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಗೆ ಕಡಲಿಲ್ಲ. ಆದರೆ ನೀರಿಗೆ ಬಡತನವೂ ಇಲ್ಲ. ಸಂಡೂರಿನ ಬೆಟ್ಟಸಾಲುಗಳ ನಡುವೆ ನಾರಿಹಳ್ಳದ ಜಲಾಶಯವಿದೆ. ಹೊಸಪೇಟೆಯ ಮಗ್ಗುಲಲ್ಲಿ, ೧೯೪೫ರಲ್ಲಿ ಕೆಲಸ ಮೊದಲಾಗಿ ೧೯೫೩ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರೆಯ ಮಹಾಜಲಾಶಯವಿದೆ. ನಾರಾಯಣದೇವರಕೆರೆಯಂಥ ಊರುಗಳು ಅದರ ಒಡಲಲ್ಲಿ ಅಡಗಿಹೋಗಿವೆ. ಅಣೆಕಟ್ಟನ್ನು ದಾಟಿ ಬಂದ ನದಿಯು ಹಂಪಿಯ ಬಂಡೆಗಳ ನಡುವೆ ಸೀಳಾಗಿ ಒಡೆದು, ಸುಳಿ ತಿರುಗಿ, ಮಡುಗಟ್ಟಿ ಕಂಪ್ಲಿಯ ಕಡೆಗೆ ಸಾಗುತ್ತದೆ. ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿಯ ಸೇತುವೆಯೇ ಮುಳುಗಿ, ಗಂಗಾವತಿಗೆ ಹೋಗುವ ದಾರಿ ಕಟ್ಟಿಹೋದದ್ದುಂಟು.

‘ಮುಳುಗು’ ಎಂಬ ನಮ್ಮ ಮಾತು ವಿಚಿತ್ರವಾದುದು. ಊರು ಮುಳುಗಿತು, ಸಾಲದಲ್ಲಿ ಮನೆ ಮುಳುಗಿತು, ಹೊಳೆಗೆ ಹೋದ ಹುಡುಗ ಮುಳುಗಿದ ಎಂದು ಕೇಡಿನ ಸುದ್ದಿಗೆ ಅದನ್ನು ಬಳಸುತ್ತೇವೆ. ಸಂಕ್ರಾಂತಿಯ ದಿನ ಚಕ್ರತೀರ್ಥದಲ್ಲಿ ಮೂರು ಮುಳುಗು ಹಾಕಿ ಬಂದೆವು ಎಂದು ಸಂತೋಷದಿಂದಲೂ ಹೇಳುತ್ತೇವೆ. ಎರಡಕ್ಕೂ ಮಾತು ಒಂದೇ. ಮೊದಲನೆಯದರಲ್ಲಿ ನೀರು ಮನುಷ್ಯನನ್ನು ಕೊಂಡೊಯ್ಯುತ್ತದೆ. ಎರಡನೆಯದರಲ್ಲಿ ಮನುಷ್ಯನು ತಾನಾಗಿ ಹೋಗಿ ಹಿಂತಿರುಗುತ್ತಾನೆ. ಹೀಗೆ ಹೋಗಿ ಹಿಂತಿರುಗುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು, ಆ ವಿದ್ಯೆಗಾಗಿ ಕೂಟಗಳನ್ನು ಕಟ್ಟಿಕೊಂಡವರು ಜಗತ್ತಿನಲ್ಲಿ ಇದ್ದಾರೆ. ಅವರ ವಿಚಾರವನ್ನು ನದಿಯ ದಡದಲ್ಲಿರುವ ನಾವು ತಿಳಿಯುವುದು ಅವಶ್ಯ.

ಈ ವಿದ್ಯೆಯ ಹಳೆಯ ಅರ್ಧಭಾಗ ನಮ್ಮಲ್ಲಿಯೇ ಇದೆ. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಹರಿಗೋಲನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿರುವ ಈ ದೋಣಿಯ ಒಳಗೆ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು. ಅದು ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತದೆ ಎಂಬುದು ಅವನ ವರ್ಣನೆ. ಐದು ನೂರು ವರ್ಷಗಳ ಮೇಲೂ ಹಂಪಿಯಲ್ಲಿ ಹರಿಗೋಲು ಸುತ್ತುತ್ತಲೇ ಇದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ; ಬಿದಿರಿನ ಹೆಣಿಗೆ ಹಾಗೆಯೇ ಉಳಿದಿದೆ.

ಅದನ್ನು ನಡೆಸುವ ಅಂಬಿಗರು ನೀರಿನ ಮೈ ನೋಡಿ ಅದರ ಒಳಗನ್ನು ಹೇಳಬಲ್ಲರು. ಹರಿಯುವ ನೀರು ಒಂದೆಡೆ ನುಣುಪಾಗಿ ಉಬ್ಬಿದಂತೆ ಕಂಡರೆ ಅದರ ಕೆಳಗೆ ಬಂಡೆ ಅಡಗಿದೆ. ನೊರೆಯು ಮುಂದೆ ಹೋಗದೆ ಹಿಂದಕ್ಕೆ ಮರಳುತ್ತಿದ್ದರೆ ಅಲ್ಲಿ ಸುಳಿಯಿದೆ. ಸದ್ದಿಲ್ಲದೆ ಕಪ್ಪಾಗಿ ನಿಂತ ನೀರು ಮಡು. ಯಾರಾದರೂ ನೀರಿನ ಪಾಲಾದಾಗ ಅಗ್ನಿಶಾಮಕ ದಳದವರ ಜೊತೆಗೆ ಹುಡುಕಲು ಇಳಿಯುವವರು ಇಂಥ ಅಂಬಿಗರು ಮತ್ತು ಮೀನುಗಾರರೇ. ಅವರ ಬಳಿ ಇರುವ ಬಂಡವಾಳ ಒಂದು ಎದೆಯುಸಿರು ಮಾತ್ರ. ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಬಂಡೆಯ ಸಂದುಗಳಲ್ಲಿ ಕೈಯಾಡಿಸಿಯೇ ಹುಡುಕಬೇಕು. ಉಸಿರು ಕಟ್ಟಿದೊಡನೆ ಮೇಲೆ ಬಂದು, ಮತ್ತೆ ಮುಳುಗಬೇಕು.

ಉಸಿರನ್ನೇ ಹೊತ್ತುಕೊಂಡು ಹೋಗಲು ಸಾಧ್ಯವಾದರೆ? ಮನುಷ್ಯನು ಬಹುಕಾಲ ಕೇಳಿಕೊಂಡ ಪ್ರಶ್ನೆಯಿದು. ಹತ್ತೊಂಬತ್ತನೆಯ ಶತಮಾನದ ಮುಳುಗುಗಾರನು ತಲೆಗೆ ಲೋಹದ ಗುಂಡಿಗೆಯಂಥ ಕವಚವನ್ನು ತೊಟ್ಟು, ಮೇಲಿನ ದೋಣಿಯಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನು ನಂಬಿ ಇಳಿಯುತ್ತಿದ್ದನು. ಕೊಳವೆಯೇ ಅವನಿಗೆ ಹಗ್ಗವೂ ಆಗಿತ್ತು, ಸೆರೆಯೂ ಆಗಿತ್ತು. ೧೯೪೩ರಲ್ಲಿ, ಯುದ್ಧದಿಂದ ನಲುಗಿದ್ದ ಫ್ರಾನ್ಸಿನಲ್ಲಿ, ನೌಕಾಪಡೆಯ ಅಧಿಕಾರಿ ಜಾಕ್ ಈವ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇದಕ್ಕೆ ಪರಿಹಾರ ಕಂಡುಕೊಂಡರು. ಪೆಟ್ರೋಲಿನ ಅಭಾವದಿಂದ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಒಂದು ಕವಾಟವನ್ನು ರೂಪಿಸಿದ್ದನು. ಅದನ್ನೇ ತಿದ್ದಿ, ಬೆನ್ನಿನ ಮೇಲಿನ ಉಕ್ಕಿನ ಉರುಳೆಯಲ್ಲಿ ಒತ್ತಿ ತುಂಬಿದ ಗಾಳಿಯು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬರುವಂತೆ ಮಾಡಿದರು. ಮೊದಲ ಪರೀಕ್ಷೆ ನಡೆದದ್ದು ಕಡಲಿನಲ್ಲಲ್ಲ, ಪ್ಯಾರಿಸಿನ ಬಳಿಯ ಮಾರ್ನ್ ನದಿಯಲ್ಲಿ. ಇಂದು ನಾವು ‘ಸ್ಕೂಬಾ’ ಎಂದು ಕರೆಯುವ ವಿದ್ಯೆ ಬಳಕೆಗೆ ಬಂದದ್ದು ಹೀಗೆ. ನೀರಿನಡಿಯಲ್ಲಿ ಉಸಿರಾಡಲು ತಾನೇ ಹೊತ್ತೊಯ್ಯುವ ಉಪಕರಣ ಎಂಬುದರ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಜೋಡಿಸಿದ ಹೆಸರು ಅದು.

ಆ ಉರುಳೆಯಲ್ಲಿರುವುದು ಆಮ್ಲಜನಕವೆಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಈ ಗಾಳಿಯೇ. ಶುದ್ಧ ಆಮ್ಲಜನಕವು ಆರು ಮೀಟರಿಗಿಂತ ಆಳದಲ್ಲಿ ವಿಷದಂತೆ ವರ್ತಿಸಿ ಮೈಯಲ್ಲಿ ಸೆಳವನ್ನು ಉಂಟುಮಾಡಬಲ್ಲದು.

ಉಸಿರು ಸಿಕ್ಕಿತೆಂದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ನೆಲದ ಮೇಲೆ ನಮ್ಮ ಮೈಮೇಲಿರುವುದು ಒಂದು ವಾಯುಭಾರದ ಒತ್ತಡ. ನೀರಿನಲ್ಲಿ ಹತ್ತು ಮೀಟರು ಇಳಿದರೆ ಅದು ಎರಡಾಗುತ್ತದೆ, ಇಪ್ಪತ್ತಕ್ಕೆ ಮೂರು, ಮೂವತ್ತಕ್ಕೆ ನಾಲ್ಕು. ಗಾಳಿ ತುಂಬಿದ ಬಲೂನನ್ನು ಹತ್ತು ಮೀಟರ್ ಆಳಕ್ಕೆ ಒಯ್ದರೆ ಅರ್ಧವಾಗುತ್ತದೆ. ಅಲ್ಲಿ ಅದನ್ನು ಪೂರ್ತಿ ಊದಿಸಿ ಮೇಲೆ ತಂದರೆ ಒಡೆಯುತ್ತದೆ. ನಮ್ಮ ಪುಪ್ಪುಸವೂ ಅಂಥದೇ ಚೀಲ. ಆದ್ದರಿಂದ, ಉಸಿರು ಬಿಗಿಹಿಡಿಯಬಾರದು ಎಂಬುದು ಸ್ಕೂಬಾ ಕಲಿಯುವವನಿಗೆ ಹೇಳುವ ಮೊದಲ ಪಾಠ. ಹೊಳೆಯಲ್ಲಿ ಈಜಿ ಬೆಳೆದವನಿಗೆ ಇದು ಬಹಳ ಕಷ್ಟವೆಂದು ನನಗನ್ನಿಸುತ್ತದೆ. ಅವನು ಹುಟ್ಟಿನಿಂದ ಕಲಿತದ್ದು ಇದಕ್ಕೆ ತದ್ವಿರುದ್ಧ.

ಇನ್ನೊಂದು ಅಪಾಯವನ್ನು ಗೋಲಿ ಸೋಡದಿಂದ ತಿಳಿಯಬಹುದು. ಗೋಲಿ ಒತ್ತುವವರೆಗೆ ಸೀಸೆಯಲ್ಲಿ ಒಂದು ಗುಳ್ಳೆಯೂ ಕಾಣದು. ಒತ್ತಿದೊಡನೆ ನೊರೆ ಉಕ್ಕುತ್ತದೆ. ಆಳದ ಒತ್ತಡದಲ್ಲಿ ಗಾಳಿಯಲ್ಲಿರುವ ಸಾರಜನಕವು ಹೀಗೆಯೇ ರಕ್ತಮಾಂಸಗಳಲ್ಲಿ ಕರಗಿ ಕೂತಿರುತ್ತದೆ. ಸರ್ರನೆ ಮೇಲೇರಿದರೆ ಅದು ಗುಳ್ಳೆಗಳಾಗಿ ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ ಸಿಕ್ಕಿಕೊಂಡು ನೋವನ್ನೂ ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತರುತ್ತದೆ. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವನು ಮೇಲೇರುವಾಗ ಎಲ್ಲೆಲ್ಲಿ ನಿಲ್ಲಬೇಕೆಂಬ ಕೋಷ್ಟಕವನ್ನು ೧೯೦೮ರಲ್ಲಿ ಪ್ರಕಟಿಸಿದನು. ಈಗಲೂ ಮುಳುಗುಗಾರರು ನಿಧಾನವಾಗಿ ಏರುತ್ತಾ, ಮೇಲ್ಮೈಗೆ ಐದು ಮೀಟರು ಉಳಿದಿರುವಾಗ ಮೂರು ನಿಮಿಷ ತಡೆದು ನಿಲ್ಲುತ್ತಾರೆ.

ಈ ಅಪಾಯಗಳ ಇನ್ನೊಂದು ಗುಣವೆಂದರೆ, ಅವುಗಳಲ್ಲಿ ಹಲವು ಸಿಕ್ಕಿಕೊಂಡವನಿಗೇ ತಿಳಿಯವು. ಮೂವತ್ತು ಮೀಟರಿನಿಂದ ಕೆಳಗೆ ಸಾರಜನಕವು ಮತ್ತೇರಿಸುತ್ತದೆ. ಮತ್ತಿನಲ್ಲಿರುವವನು ತಾನು ಸರಿಯಾಗಿಯೇ ಇದ್ದೇನೆಂದು ತಿಳಿಯುತ್ತಾನೆ. ಬೆನ್ನಿನ ಹಿಂದೆ ಬಲೆಯ ನೂಲು ತೊಡರಿದರೆ ಕಾಣುವುದು ಪಕ್ಕದವನಿಗೆ. ಅದಕ್ಕಾಗಿಯೇ ಒಬ್ಬೊಬ್ಬರೇ ಇಳಿಯುವ ಪದ್ಧತಿಯನ್ನು ಕೈಬಿಟ್ಟು, ಜೋಡಿಯಾಗಿ ಇಳಿಯುವ ನಿಯಮವನ್ನು ಮಾಡಿಕೊಂಡರು. ಇಳಿಯುವ ಮುನ್ನ ಒಬ್ಬರ ಉಪಕರಣವನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸಬೇಕು. ಒಬ್ಬನ ಗಾಳಿ ತೀರಿದರೆ ಹಂಚಿಕೊಳ್ಳಲು ಇನ್ನೊಬ್ಬನ ಉರುಳೆಗೆ ಎರಡನೆಯ ಬಾಯಿಕೊಳವೆ ಇರುತ್ತದೆ. ಮಾತಿಲ್ಲದ ಆ ಲೋಕದಲ್ಲಿ ಕೈಸನ್ನೆಯೇ ಭಾಷೆ. ತೋರುಬೆರಳನ್ನೂ ಹೆಬ್ಬೆರಳನ್ನೂ ಉಂಗುರದಂತೆ ಕೂಡಿಸಿದರೆ ‘ಎಲ್ಲ ಸರಿಯಾಗಿದೆ’. ಅಂಗೈಯನ್ನು ಕತ್ತಿನ ಮುಂದೆ ಅಡ್ಡಲಾಗಿ ಆಡಿಸಿದರೆ ‘ಗಾಳಿ ತೀರಿತು’. ಹೆಬ್ಬೆರಳನ್ನು ಮೇಲಕ್ಕೆತ್ತುವುದು ನೆಲದ ಮೇಲೆ ಭೇಷ್ ಎಂಬುದರ ಗುರುತು. ನೀರಿನಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಎಂಬ ಅರ್ಥ. ಒಬ್ಬನು ಆ ಸನ್ನೆ ಮಾಡಿದನೆಂದರೆ ಇನ್ನೊಬ್ಬನು ಕಾರಣ ಕೇಳುವಂತಿಲ್ಲ, ವಾದಿಸುವಂತಿಲ್ಲ, ಇಬ್ಬರೂ ಏರಬೇಕು.

ಇಂಥ ಜೊತೆಗಾರನು ಅಂಗಡಿಯಲ್ಲಿ ಸಿಗುವ ವಸ್ತುವಲ್ಲವಷ್ಟೆ. ಅವನು ಎಲ್ಲಿಂದ ಬರಬೇಕು? ಇಲ್ಲಿಯೇ ಕ್ಲಬ್ಬಿನ ಅವಶ್ಯಕತೆ ತೋರುವುದು. ೧೯೫೩ರಲ್ಲಿ ಲಂಡನ್ನಿನಲ್ಲಿ ಆಸ್ಕರ್ ಗೂಗನ್ ಮತ್ತು ಪೀಟರ್ ಸ್ಮಾಲ್ ಎಂಬವರು ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬನ್ನು ಸ್ಥಾಪಿಸಿದರು. ಊರೂರಿಗೆ ಅದರ ಶಾಖೆಗಳಾದವು. ಬೇರೆ ಬೇರೆ ಉದ್ಯೋಗಗಳ ಜನ ಸಂಜೆಯ ಹೊತ್ತು ಊರಿನ ಈಜುಕೊಳದಲ್ಲಿ ಸೇರಿ, ತಿಳಿದವರು ತಿಳಿಯದವರಿಗೆ ಕಲಿಸುವುದು ಅಲ್ಲಿಯ ಪದ್ಧತಿ. ದೋಣಿಯಂಥ ದುಬಾರಿ ವಸ್ತುಗಳನ್ನು ಕೂಡಿ ಕೊಂಡು ಕೂಡಿ ಬಳಸುತ್ತಾರೆ. ಊಟ, ಹರಟೆ, ಚಿತ್ರಪ್ರದರ್ಶನಗಳೂ ಇರುತ್ತವೆ. ಇವು ಕೇವಲ ವಿನೋದಕ್ಕೆಂದು ಹೊರಗಿನವರಿಗೆ ಕಾಣಬಹುದು. ಆದರೆ ನಾಳೆ ಯಾರ ಕೈಸನ್ನೆಯನ್ನು ನಂಬಿ ಕತ್ತಲ ನೀರಿಗೆ ಇಳಿಯಬೇಕೋ ಅವರ ಸ್ವಭಾವವು ತಿಳಿಯುವುದು ಇಂಥ ಹರಟೆಯಲ್ಲಿಯೇ. ಯಾರು ಅವಸರದವರು, ಯಾರು ಅಂಜಿದರೂ ಹೇಳಿಕೊಳ್ಳದವರು ಎಂಬುದು ಊಟದ ಪಂಕ್ತಿಯಲ್ಲಿ ಹೊರಬೀಳುತ್ತದೆ.

ಆ ಕ್ಲಬ್ಬಿನ ಒಂದು ಪದ್ಧತಿಯನ್ನು ಬೇರೆ ಎಲ್ಲಕ್ಕಿಂತ ದೊಡ್ಡದೆಂದು ನಾನು ಎಣಿಸುತ್ತೇನೆ. ವರ್ಷವರ್ಷವೂ ನಡೆದ ಅಪಘಾತಗಳನ್ನೂ ಕೂದಲೆಳೆಯಲ್ಲಿ ತಪ್ಪಿದ ಗಂಡಾಂತರಗಳನ್ನೂ ಸಂಗ್ರಹಿಸಿ, ಹೆಸರೆತ್ತದೆ, ನಡೆದದ್ದನ್ನು ನಡೆದಂತೆ ಅವರು ಅಚ್ಚುಹಾಕುತ್ತಾರೆ. ನಮ್ಮ ಸಂಘಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಸಾಧನೆಯ ಪಟ್ಟಿಯಿರುತ್ತದೆ. ಎಡವಿದ್ದರ ಪಟ್ಟಿಯನ್ನು ನಾನು ಕಂಡಿಲ್ಲ. ಈ ಎಚ್ಚರ ಅವರಿಗೆ ಅಗ್ಗವಾಗಿ ಬಂದದ್ದಲ್ಲ. ಸ್ಥಾಪಕರಲ್ಲಿ ಒಬ್ಬನಾದ ಪೀಟರ್ ಸ್ಮಾಲ್ ೧೯೬೨ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಕರಾವಳಿಯಾಚೆ ಸಾವಿರ ಅಡಿ ಆಳಕ್ಕೆ ಇಳಿದ ಒಂದು ಪ್ರಯೋಗದಲ್ಲಿ ಪ್ರಾಣ ಬಿಟ್ಟನು. ಅವರನ್ನು ಕಾಯಲು ನೀರಿಗಿಳಿದಿದ್ದ ತರುಣನೊಬ್ಬನೂ ಅದೇ ದಿನ ಮಡಿದನು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಜ್ಞಾನಾರ್ಜನೆಗೆ ಹೂಡಿದವರಲ್ಲಿ ಕನ್ನಡಿಗರೊಬ್ಬರ ಹೆಸರು ಮುಂದೆ ನಿಲ್ಲುತ್ತದೆ. ಲೋಥಲ್ಲಿನ ಉತ್ಖನನದಿಂದ ಪ್ರಸಿದ್ಧರಾದ ಶಿಕಾರಿಪುರ ರಂಗನಾಥ ರಾವ್ ಅವರು, ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲಿನಡಿಯ ಪುರಾತತ್ತ್ವಕ್ಕೆ ತಳಹದಿ ಹಾಕಿದರು. ೧೯೮೦ರ ದಶಕದಲ್ಲಿ ಅವರ ತಂಡದ ಮುಳುಗುಗಾರರು ದ್ವಾರಕೆಯ ಬಳಿ ಕಡಲಿಗಿಳಿದು ಕಲ್ಲಿನ ಕಟ್ಟಡಗಳ ಅವಶೇಷಗಳನ್ನೂ ತೂತು ಕೊರೆದ ಕಲ್ಲಿನ ಲಂಗರುಗಳನ್ನೂ ಗುರುತಿಸಿದರು. ಕರ್ನಾಟಕದಲ್ಲಿ ಸ್ಕೂಬಾ ಕಲಿಯಬಯಸುವವರು ಹೋಗುವುದು ಮುರ್ಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪಕ್ಕೆ. ಹವಳವೂ ಬಣ್ಣಬಣ್ಣದ ಮೀನುಗಳೂ ಅಲ್ಲಿ ಕಾಣಸಿಗುತ್ತವೆ. ಮಳೆಗಾಲದಲ್ಲಿ ಅಲ್ಲಿ ಯಾರೂ ಇಳಿಯುವುದಿಲ್ಲ. ಹೊಸಪೇಟೆಯ ತರುಣರಿಗೂ ಹತ್ತಿರದ ಕಡಲು ಆ ಪಶ್ಚಿಮ ಕಡಲೇ.

ನೇತ್ರಾಣಿಯಲ್ಲಿ ಕಲಿತದ್ದನ್ನು ತುಂಗಭದ್ರೆಯಲ್ಲಿ ಹಾಗೆಯೇ ನಡೆಸಲು ಬಾರದು. ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ಮೂವತ್ತಮೂರು ಕ್ರೆಸ್ಟ್‌ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತಜ್ಞ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಅಡ್ಡಹಲಗೆಗಳನ್ನು ಕ್ರೇನುಗಳ ಮೂಲಕ ಮೇಲಿನಿಂದಲೇ ಇಳಿಸಿ, ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ತೆರೆದ ಬಾಗಿಲಿನ ಕಡೆಗೆ ನುಗ್ಗುವ ನೀರಿನ ಎದುರು ಮುಳುಗುಗಾರನ ಬಲ ಏನೂ ಅಲ್ಲ. ನುಗ್ಗುವ ನೀರಿನ ಮಾತಿರಲಿ, ಒಂದು ಕಡೆ ಆಳವಾದ ನೀರು, ಇನ್ನೊಂದು ಕಡೆ ಬರಿದು ಇರುವಲ್ಲಿ ಅಂಗೈಯಗಲದ ಬಿರುಕು ಕೂಡ ಮನುಷ್ಯನನ್ನು ಕಚ್ಚಿ ಹಿಡಿಯಬಲ್ಲದು. ತೂಬು, ಕಾಲುವೆ, ಅಣೆಕಟ್ಟುಗಳ ಬಳಿ ಇಳಿಯಬಾರದೆಂದು ಬಲ್ಲ ಮುಳುಗುಗಾರರು ಹೇಳುವುದು ಇದಕ್ಕೇ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ಸರಕಾರವು ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮೊಸಳೆಗಳೂ ಆ ನೀರಿನಲ್ಲಿವೆ. ನೀರುನಾಯಿಗಳನ್ನು ನೋಡಿದವರಿಗೆ ಗೊತ್ತು: ಅವು ಮೀನಿಗೆ ಮುಳುಗುವುದು ಕುಟುಂಬಸಮೇತವಾಗಿ, ಒಂದು ಏಳುವಾಗ ಇನ್ನೊಂದು ಸುತ್ತ ನೋಡುತ್ತಿರುತ್ತದೆ.

ಹಂಪಿಯ ಸುತ್ತ ಪ್ರವಾಸಿಗಳು ಬಂಡೆಯ ಮೇಲಿಂದ ಹೊಳೆಗೆ ಹಾರುವುದು ಈಗ ಒಂದು ಗೀಳಾಗಿದೆ. ೨೦೨೫ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಹಾಗೆ ಹಾರಿದವರೊಬ್ಬರು ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿಯೂ ಬೇಸಿಗೆ ರಜೆ ಮುಗಿದು ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದ ವರ್ಷಗಳಿದ್ದವು. ಈ ದಡದಲ್ಲಿ ಒಂದು ಕೂಟ ಏರ್ಪಡುವುದಾದರೆ ಅದಕ್ಕೆ ಮೊದಲು ಬೇಕಾದದ್ದು ಗಾಳಿಯ ಉರುಳೆಯಲ್ಲ. ಒಂದು ಚಾಪೆ, ಒಂದು ದಪ್ಪ ಪುಸ್ತಕ, ಬರೆಯಬಲ್ಲ ಇಬ್ಬರು ಹುಡುಗರು. ತಳವಾರಘಟ್ಟದ ಅಂಬಿಗರನ್ನೂ ಆನೆಗೊಂದಿಯ ಮೀನುಗಾರರನ್ನೂ ಕೂರಿಸಿಕೊಂಡು ಯಾವ ಮಡು ಎಲ್ಲಿದೆ, ಜಲಾಶಯದಿಂದ ನೀರು ಬಿಟ್ಟ ಎಷ್ಟು ಹೊತ್ತಿಗೆ ಯಾವ ಬಂಡೆ ಮುಳುಗುತ್ತದೆ, ಯಾರು ಯಾವಾಗ ಎಲ್ಲಿ ಸಿಕ್ಕಿಕೊಂಡರು ಎಂದು ಕೇಳಿ ಬರೆದುಕೊಳ್ಳಬೇಕು. ಸ್ಕೂಬಾ ಕಲಿತವರ ದಿನಚರಿಯಲ್ಲಿ ಪ್ರತಿ ಮುಳುಗಿಗೂ ಒಂದು ಪುಟವಿರುತ್ತದೆ: ದಿನಾಂಕ, ಸ್ಥಳ, ಆಳ, ಕಳೆದ ನಿಮಿಷಗಳು, ಕೊನೆಯಲ್ಲಿ ಜೊತೆಗಾರನ ಸಹಿ. ಅಂಬಿಗರ ಪುಸ್ತಕವನ್ನೂ ಅದೇ ರೀತಿ ಗೆರೆ ಎಳೆದು ಸಿದ್ಧಮಾಡಬಹುದು. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿದ್ದರೂ ಸಾಕು.