ತಟ್ಟೆಯ ಅಳತೆ ಮತ್ತು ಬೀಳಗಿಯ ಕಂಠ: ಧ್ವನಿಮುದ್ರಣ ಸಂಸ್ಥಾಪಕನ ಪ್ರಭಾವದ ಒಂದು ಪರಿಶೀಲನೆ

ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಅವರನ್ನು ಕುರಿತ ಮಾತು ಸಾಮಾನ್ಯವಾಗಿ ಅವರ ಕಂಠಸಿರಿಯಿಂದ ತೊಡಗಿ ಹಿಂದಿ ಚಿತ್ರರಂಗದಲ್ಲಿ ಮುಗಿಯುತ್ತದೆ. ನಡುವೆ ನಿಂತ ಗ್ರಾಮೊಫೋನ್ ತಟ್ಟೆ ಕೇವಲ ಸಾಧನವೆಂಬಂತೆ ಹಿನ್ನೆಲೆಗೆ ಸರಿಯುತ್ತದೆ. ಆ ತಟ್ಟೆಯ ಹಿಂದಿದ್ದ ವ್ಯಾಪಾರಿ ನಿರ್ಧಾರವು ಜನಪ್ರಿಯ ಸಂಗೀತದ ಸ್ವರೂಪವನ್ನೇ ರೂಪಿಸಿತೆಂಬುದು ಪ್ರಸ್ತುತ ಲೇಖನದ ವಾದ.

ಎಮಿಲ್ ಬರ್ಲಿನರ್ ರೂಪಿಸಿದ ಚಪ್ಪಟೆ ತಟ್ಟೆಯನ್ನು ಯುರೋಪಿನಲ್ಲಿ ಮಾರಲು ಬಂದ ಅಮೆರಿಕದ ವಿಲಿಯಂ ಬ್ಯಾರಿ ಓವೆನ್, 1898ರಲ್ಲಿ ಲಂಡನ್ನಿನಲ್ಲಿ ಗ್ರಾಮೊಫೋನ್ ಕಂಪನಿ ಸ್ಥಾಪಿಸಿದವರಲ್ಲಿ ಪ್ರಮುಖ. ಕೊಳವೆಗೆ ಕಿವಿಗೊಟ್ಟ ನಾಯಿಯ ಚಿತ್ರವನ್ನು 1899ರಲ್ಲಿ ಕೊಂಡವನೂ ಆತನೇ. ಚಿತ್ರದಲ್ಲಿದ್ದ ಬೇರೆ ಯಂತ್ರವನ್ನು ಅಳಿಸಿ ತನ್ನ ಯಂತ್ರವನ್ನು ಬರೆಸಿಯೇ ಕೊಂಡ! ಯಂತ್ರ ಮಾರಾಟವಾಗಬೇಕಾದರೆ ಆಯಾ ದೇಶದ ಹಾಡು ಆಯಾ ಭಾಷೆಯಲ್ಲೇ ದೊರೆಯಬೇಕೆಂಬುದು ಕಂಪನಿಯ ಲೆಕ್ಕಾಚಾರವಾಗಿತ್ತು. ಅದರಂತೆ 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರನ್ನು ಮುದ್ರಿಸಿಕೊಂಡ. ಓವೆನ್ 1904ರಲ್ಲಿ ಕಂಪನಿಯನ್ನು ತೊರೆದನಾದರೂ ಆ ಲೆಕ್ಕಾಚಾರ ಉಳಿಯಿತು. ಈ ಶ್ರೇಯಸ್ಸನ್ನೆಲ್ಲ ಗೈಸ್‌ಬರ್ಗ್‌ಗೆ ಸಲ್ಲಿಸುವ ರೂಢಿ ಪೂರ್ತಿ ಒಪ್ಪತಕ್ಕದ್ದಲ್ಲ.

ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಗಾಯಕರು ಆಲಾಪವನ್ನು ಮೊಟಕುಗೊಳಿಸಿ ನೇರವಾಗಿ ಪಲ್ಲವಿಗೆ ಇಳಿಯಬೇಕಾಯಿತು. ಮಾನವಂತ ಮನೆತನದ ಹೆಂಗಸರು ಯಂತ್ರದ ಮುಂದೆ ಹಾಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಹಾಡುವುದನ್ನೇ ಕಸುಬಾಗಿಸಿಕೊಂಡ ಸ್ತ್ರೀಯರಿಗೆ ಈ ಬಾಗಿಲು ತೆರೆಯಿತು. ಎಚ್‌.ಎಂ.ವಿ.ಯ ಪ್ರತಿನಿಧಿಯೊಬ್ಬರು ಅಮೀರ್‌ಬಾಯಿಯವರಿಂದ ಹಾಡಿಸಿದ ಕವ್ವಾಲಿ ಜನಪ್ರಿಯವಾಯಿತು; 1934ರ 'ವಿಷ್ಣುಭಕ್ತಿ' ಚಿತ್ರದಲ್ಲಿ ಅವರು ಕಾಣಿಸಿಕೊಂಡರು; 1943ರ 'ಕಿಸ್ಮತ್' ಅವರನ್ನು ಮನೆಮಾತಾಗಿಸಿತು. ಬೀಳಗಿಯಂಥ ಊರಿನ ಕಲಾವಿದೆಗೆ ಕುಲವನ್ನು ಕೇಳದೆ ಕಂಠವನ್ನಷ್ಟೇ ಕೇಳಿದ ವ್ಯವಸ್ಥೆಯಿದು. ಇದನ್ನು ಬರಿಯ ವಸಾಹತು ಲಾಭಕೋರತನವೆಂದು ತಳ್ಳಿಹಾಕಲಾಗದು.

ಹಾಗೆಂದು ಬಾಗಿಲು ಎಲ್ಲರಿಗೂ ತೆರೆದಿತ್ತೆಂದಲ್ಲ. ಇದೇ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ ಬೆಳೆದಿತ್ತು. ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ ಈ ಆಟಕ್ಕೆ ಮುಧೋಳ ತಾಲ್ಲೂಕಿನ ಲೋಕಾಪುರ ಹೆಸರುವಾಸಿ. ಜಮಖಂಡಿ, ರಬಕವಿ-ಬನಹಟ್ಟಿಗಳ ಪ್ರೇಕ್ಷಕರಿಗೂ ಅದು ಅಪರಿಚಿತವಲ್ಲ. ಭಾಗವತನಿಗೂ ಗೊಲ್ಲತಿಗೂ ನಡೆಯುವ ಸಂವಾದ, ಸತ್ಯಭಾಮೆಯ ಮುನಿಸು, ಅದನ್ನು ಬೆಳೆಸುವ ಪದಗಳು ಇವೆಲ್ಲ ಇರುಳಿಡೀ ಒಂದಕ್ಕೊಂದು ಹೆಣೆದುಕೊಂಡವು. ಸಂವಾದವನ್ನು ಕಿತ್ತು ಪದವನ್ನಷ್ಟೇ ಮೂರು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಪಾರಿಜಾತವಲ್ಲ, ಮಟ್ಟು ಮಾತ್ರ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಪ್ರತಿಭೆ ಅಭಿನಯ, ಮಾತು, ಹಾಡುಗಳ ಕೂಡುವಿಕೆಯಲ್ಲಿತ್ತು. ತಟ್ಟೆಗೆ ಬೇಕಾಗಿದ್ದುದು ಮೂರನೆಯದು ಮಾತ್ರ.

ಭಾಷೆಯ ಪ್ರಶ್ನೆಯೂ ಇಲ್ಲಿ ಗಮನಾರ್ಹ. ಆಯಾ ಭಾಷೆಯಲ್ಲಿ ಹಾಡಿಸಬೇಕೆಂಬ ಕಂಪನಿಯ ನೀತಿಯ ಫಲವುಂಡ ಅಮೀರ್‌ಬಾಯಿ ಮುಂಬಯಿ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಹಾಡಿದ್ದು ಹಿಂದಿಯಲ್ಲಿ. ಅಕ್ಕ ಗೋಹರ್‌ಬಾಯಿಯ ಬದುಕು ಬಾಲಗಂಧರ್ವರ ಮರಾಠಿ ರಂಗಭೂಮಿಯೊಡನೆ ಬೆಸೆದುಕೊಂಡಿತು. ಬೀಳಗಿಯ ಈ ಇಬ್ಬರ ವೃತ್ತಿಬದುಕಿನ ಬಹುಪಾಲು ಕನ್ನಡದ ಹೊರಗೆ ನಡೆದರೂ 'ಕರ್ನಾಟಕಿ' ಎಂಬುದು ಇಬ್ಬರ ಹೆಸರಿನಲ್ಲೂ ಉಳಿದುಬಂದಿದೆ.