ಓಣಿಯಿಂದ ಆರಂಭವಾಗುವ ಸಂಶೋಧನೆ

ಸಾರ್ವಜನಿಕ ಆರೋಗ್ಯದ ಸಂಶೋಧನೆಗೆ ಇಳಿಯುವ ಸ್ನಾತಕೋತ್ತರ ವಿದ್ಯಾರ್ಥಿ ದಾವಣಗೆರೆಯಲ್ಲಿ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಊರಲ್ಲೇ ಇವೆ. ಆದರೆ ಪ್ರಶ್ನೆ ಹುಟ್ಟುವುದು ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ: ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ಹೊಗೆ ಒಲೆ ಮುಂದೆ ನಿಂತವರ ಎದೆಗಿಳಿಯುತ್ತದೆ. ಪಕ್ಕದ ಹರಿಹರದಲ್ಲಿ ತುಂಗಭದ್ರೆಯೇ ಪಾಠ. 1980ರ ದಶಕದಲ್ಲಿ ಕಾರ್ಖಾನೆಯೊಂದರ ತ್ಯಾಜ್ಯನೀರಿನ ವಿರುದ್ಧ ನದಿದಂಡೆಯ ಜನ ಹೋರಾಡಿದ್ದರು.

ಪ್ರಶ್ನೆ ಸಿಕ್ಕರೂ, ಕಾಲೇಜಿನ ನೈತಿಕತಾ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆಯೇ ಪ್ರಶ್ನಾವಳಿ ಹೊರತೆಗೆಯಬೇಕು. ಆಶಾ ಕಾರ್ಯಕರ್ತೆಯ ಜೊತೆ ನಾಲ್ಕು ದಿನ ತಿರುಗಿದರೆ ಯಾವ ಮನೆಯಲ್ಲಿ ಯಾರು ಯಾವಾಗ ಸಿಗುತ್ತಾರೆಂಬುದು ತಿಳಿಯುತ್ತದೆ. ಬಿಪಿ ನೋಡಿ ಅಂಕಿ ಬರೆದುಕೊಂಡು ಎದ್ದುಬರುವುದು ತಪ್ಪು; ಹೆಚ್ಚಿದ್ದರೆ ಅಲ್ಲೇ ತಿಳಿಸಿ, ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಡಬೇಕು. ಪ್ರಬಂಧ ಮುಗಿದ ಮೇಲೆ ಫಲಿತಾಂಶವನ್ನು ಅದೇ ಓಣಿಯವರಿಗೆ ಕನ್ನಡದಲ್ಲಿ ಓದಿ ಹೇಳಬೇಕು.